ಹೇಮಾವತಿ: ನದಿಯೇ ಮೊದಲು ಬರಲಿ
ಶಾಲೆಯ ಸ್ಥಳನಾಮ ಕೋಶದಲ್ಲಿ ‘ಹೇಮಾವತಿ’ ಎಂದರೆ ಮೊದಲು ನದಿಯೋ, ನೊಳಂಬ ಅರಸರ ಊರೋ ಎಂದು ಕೇಳಿದ್ದೀರಿ. ನನ್ನ ಮತ ನದಿಗೆ, ಸರ್. ಸಕಲೇಶಪುರದವನೆಂಬ ಅಭಿಮಾನಕ್ಕಲ್ಲ. ಕೋಶ ತೆರೆಯುವ ಮಕ್ಕಳು ಹುಡುಕುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಬಳಿ ಹುಟ್ಟಿ, ನಮ್ಮೂರು ಹಾದು, ಗೊರೂರು ಅಣೆಕಟ್ಟೆಯಲ್ಲಿ ನಿಂತು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿ ಸೇರುವ ಹೊಳೆಯನ್ನೇ. ‘ಹೇಮಾವತಿ ತುಂಬಿದಳು’ ಅಂದರೆ ಹಾಸನದಲ್ಲಿ ಯಾವ ಹೇಮಾವತಿ ಅಂತ ಯಾರೂ ಕೇಳಲ್ಲ.

ಹಳೆಯದು ಎಂಬ ಒಂದೇ ಕಾರಣಕ್ಕೆ ಊರನ್ನು ಮೇಲೆ ತರಬೇಡಿ. ಅದರ ಹಳೆಯ ಹೆಸರು ಹೇಮಾವತಿಯಲ್ಲ, ಹೆಂಜೇರು. ಹಾಗಂತ ಒಂದು ಸಾಲಿನಲ್ಲಿ ಮುಗಿಸಲೂಬೇಡಿ. ಈಗ ಆಂಧ್ರಕ್ಕೆ ಸೇರಿದ್ದರೂ ಅದು ನೊಳಂಬರ ರಾಜಧಾನಿ, ನಮ್ಮ ಚರಿತ್ರೆಯದೇ. ‘ಹೆಂಜೇರು’ ಎಂದೇ ಬೇರೆ ನಮೂದು ಮಾಡಿ, ಅಲ್ಲಿ ವಿಸ್ತಾರವಾಗಿ ಬರೆಯಿರಿ.