ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಓಪನ್ ಸೋರ್ಸ್ ಸರ್ವರ್ ಆದ ಅಜೆರಾತ್‌ಕೋರ್‌ನಲ್ಲಿ ಒಂದು ದೋಷ ಸರಿಪಡಿಸಿದ್ದೇನೆ. ಅದನ್ನು ಪ್ರಾಜೆಕ್ಟ್‌ಗೆ ಕಳಿಸುವುದು ಹೇಗೆ?

ದೋಷ ಸಿ ಪ್ಲಸ್ ಪ್ಲಸ್ ಕೋಡ್‌ನಲ್ಲಿದೆಯೋ ಡೇಟಾಬೇಸ್‌ನಲ್ಲಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪಾತ್ರ ತಪ್ಪು ಜಾಗದಲ್ಲಿ ನಿಂತಿದೆ, ಕ್ವೆಸ್ಟ್ ಮುಗಿಯುತ್ತಿಲ್ಲ ಎಂಬಂಥವು ಹೆಚ್ಚಾಗಿ ಡೇಟಾಬೇಸ್‌ನವೇ. ಹೊಸಬರಿಗೆ ಇಲ್ಲಿಂದ ಶುರು ಮಾಡುವುದೇ ಲೇಸು.

ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟನ್ನು ಫೋರ್ಕ್ ಮಾಡಿ (ನಿಮ್ಮ ಖಾತೆಗೆ ನಕಲು ಮಾಡಿಕೊಂಡು), ಮಾಸ್ಟರ್ ಎಂಬ ಮುಖ್ಯ ಶಾಖೆಯಿಂದ ಹೊಸ ಬ್ರಾಂಚ್ ತೆಗೆಯಿರಿ. ಒಂದು ಬ್ರಾಂಚ್‌ನಲ್ಲಿ ಒಂದೇ ದೋಷ ಇರಲಿ.

ಎಸ್‌ಕ್ಯೂಎಲ್ (ಡೇಟಾಬೇಸ್) ಬದಲಾವಣೆಯನ್ನು ಪೆಂಡಿಂಗ್ ಫೋಲ್ಡರ್‌ನಲ್ಲಿ ಹೊಸ ಫೈಲ್ ಆಗಿಯೇ ಹಾಕಬೇಕು. ಹಳೆಯ ಫೈಲ್ ತಿದ್ದಬೇಡಿ: ಸರ್ವರ್ ಪ್ರತಿ ಫೈಲ್‌ನ ಹ್ಯಾಶ್ (ಫೈಲ್‌ನ ಒಳಗಿರುವುದರಿಂದ ಲೆಕ್ಕಹಾಕಿದ ಗುರುತು) ಇಟ್ಟುಕೊಂಡಿರುತ್ತದೆ, ಅದು ಬದಲಾದರೆ ಫೈಲನ್ನು ಮತ್ತೆ ಓಡಿಸುತ್ತದೆ. ಆಮೇಲೆ ಬಂದ ತಿದ್ದುಪಡಿಗಳು ಅಳಿಸಿಹೋಗಬಹುದು.

ಸಾಲು ಸೇರಿಸುವ ಪ್ರತಿ ಇನ್ಸರ್ಟ್‌ಗೂ ಮುಂಚೆ ಅದೇ ಸಾಲು ಅಳಿಸುವ ಡಿಲೀಟ್ ಬರೆಯಿರಿ. ಇಲ್ಲದಿದ್ದರೆ ಎರಡನೇ ಸಲ ಓಡಿದಾಗ ಡೂಪ್ಲಿಕೇಟ್ ಕೀ ಎಂದು ಸರ್ವರ್ ಏಳುವುದೇ ಇಲ್ಲ. ಡಿಲೀಟ್‌ನಲ್ಲಿ ಪೂರ್ತಿ ಕೀ, ಅಂದರೆ ಸಾಲನ್ನು ಗುರುತಿಸುವ ಎಲ್ಲ ಕಾಲಂಗಳನ್ನು ಕೊಡಿ. ಜೀವಿ, ವಸ್ತುಗಳ ವರ್ತನೆ ಇರುವ ಸ್ಮಾರ್ಟ್ ಸ್ಕ್ರಿಪ್ಟ್ಸ್ ಟೇಬಲ್‌ನಲ್ಲಿ ಬರೀ ಎಂಟ್ರಿ ಸಂಖ್ಯೆ ಕೊಟ್ಟರೆ, ಜೀವಿಯ (ಸೋರ್ಸ್ ಟೈಪ್ 0) ಸಾಲುಗಳ ಜೊತೆ ಅದೇ ಸಂಖ್ಯೆಯ ವಸ್ತುವಿನ (ಟೈಪ್ 1) ಸ್ಕ್ರಿಪ್ಟೂ ಹೋಗುತ್ತದೆ. ಪರಿಶೀಲಿಸುವವರ ಕಣ್ಣು ತಪ್ಪಿಸಿಕೊಳ್ಳುವ ತಪ್ಪು ಇದು.

ಕೋಡ್ ಆದರೆ ಇಂಡೆಂಟ್‌ಗೆ 4 ಸ್ಪೇಸ್, ಟ್ಯಾಬ್ ಬೇಡ.

ಬದಲಾವಣೆ ಸೇರಿಸಿಕೊಳ್ಳಿ ಎಂದು ಪ್ರಾಜೆಕ್ಟ್‌ಗೆ ಕಳಿಸುವ ಪುಲ್ ರಿಕ್ವೆಸ್ಟ್‌ನಲ್ಲಿ ಪರೀಕ್ಷಿಸುವ ಹಂತಗಳನ್ನು, ಜೀವಿಯ ಬಳಿಗೆ ಹೋಗುವ ಕಮಾಂಡ್ ಸಮೇತ ಬರೆಯಿರಿ. ಮೂಲ ಆಟದಲ್ಲಿ ಹೀಗೇ ಇತ್ತು ಎನ್ನಲು ಪುರಾವೆ ಬೇಕು. ಸರ್ವರ್ ಅನುಸರಿಸುವುದು ಆಟದ ಹಳೆಯ 3.3.5ಎ ಆವೃತ್ತಿಯನ್ನು, ಹಾಗಾಗಿ ಈಗಿನ ಆಟದ ವಿಡಿಯೊ ಸಾಲದು.