ಎಂಜಿನ್ ರೂಮಿನ ಅಲಾರಂ: ಟೆಸ್ಟ್ ಬಟನ್ ಹೇಳದ ಸಂಗತಿಗಳು

ನಮಸ್ಕಾರ. ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಇಲ್ಲದಿರುವಾಗ ಹಡಗು ಹೊರಳಿದರೆ ಸಾಕು, ಲೂಬ್ ಆಯಿಲ್ (ಎಂಜಿನ್ನಿನ ಜಾರೆಣ್ಣೆ) ಮಟ್ಟ ಕಡಿಮೆಯೆಂಬ ಅಲಾರಂ ಬಂದು ಡ್ಯೂಟಿ ಎಂಜಿನಿಯರರ ನಿದ್ದೆ ಕೆಡುತ್ತಿದೆ, ಡಿಲೇ (ಅಲಾರಂ ಕೂಗುವ ಮುನ್ನ ಕಾಯುವ ಸಮಯ) ಹೆಚ್ಚಿಸಬಹುದೇ ಎಂದು ಕೇಳಿದ್ದೀರಿ. ಮಾನಿಟರಿನಲ್ಲಿ ಟೆಸ್ಟ್ ಒತ್ತಿದರೆ ಎಲ್ಲ ಚಾನೆಲ್‌ಗಳೂ ಸರಿಯಿವೆ ಎಂದು ಬರುವುದರಿಂದ ವ್ಯವಸ್ಥೆ ನಂಬಿಕೆಗೆ ಅರ್ಹವೆಂದೂ ಬರೆದಿದ್ದೀರಿ. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ, ಅಲ್ಲಿಂದಲೇ ಆರಂಭಿಸುತ್ತೇನೆ.

ಆ ಬಟನ್ ಪರೀಕ್ಷಿಸುವುದು ಸಾಫ್ಟ್‌ವೇರ್, ದೀಪ ಮತ್ತು ಬಜರ್‌ಗಳನ್ನು ಮಾತ್ರ. ಸೆನ್ಸರ್ ತನ್ನ ಅಳತೆಯನ್ನು ಕಳುಹಿಸುವ 4ರಿಂದ 20 ಮಿಲಿಆಂಪಿಯರ್ ಸಂಕೇತದಲ್ಲಿ ತಂತಿ ತುಂಡಾದರೆ ಪ್ರವಾಹ ಸೊನ್ನೆಗಿಳಿದು ದೋಷ ತಾನಾಗಿ ಗೊತ್ತಾಗುತ್ತದೆ, ನಿಜ. ಆದರೆ ಪ್ರೆಶರ್ ಸೆನ್ಸರಿಗೆ ಹೋಗುವ ಸಣ್ಣ ಪೈಪು ಕೆಸರಿನಿಂದ ಕಟ್ಟಿಕೊಂಡಿದ್ದರೆ, ಅಥವಾ ಅದರ ವಾಲ್ವನ್ನು ಯಾರೋ ಮುಚ್ಚಿ ಮರೆತಿದ್ದರೆ, ಒಳಗೆ ಸಿಕ್ಕಿಕೊಂಡ ಹಳೆಯ ಒತ್ತಡವನ್ನೇ ಸೆನ್ಸರ್ ಆರೋಗ್ಯಕರ ಸಂಕೇತವಾಗಿ ಕಳುಹಿಸುತ್ತಿರುತ್ತದೆ. ಬಿಲ್ಜ್ ಬಾವಿಯಲ್ಲಿ (ಹಡಗಿನ ತಳದಲ್ಲಿ ಸೋರಿದ ನೀರು ಸೇರುವ ಗುಂಡಿ) ಜಿಡ್ಡು ಹಿಡಿದು ಅಂಟಿಕೊಂಡ ಫ್ಲೋಟ್ ಕೂಡ ಹಾಗೆಯೇ. ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಅಧ್ಯಾಯ 2-1ರ 51ನೇ ನಿಯಮವು ಅಲಾರಂ ವ್ಯವಸ್ಥೆ ಸಾಧ್ಯವಾದಷ್ಟು ಫೇಲ್-ಸೇಫ್ (ಕೆಟ್ಟರೂ ಸುರಕ್ಷಿತ ಸ್ಥಿತಿಗೇ ಹೋಗುವಂಥದ್ದು) ಆಗಿರಬೇಕು ಎನ್ನುತ್ತದೆ. ಆ 'ಸಾಧ್ಯವಾದಷ್ಟು' ಎಂಬುದರಾಚೆ ಉಳಿಯುವ ದೋಷಗಳು ಇವೇ.

ಇಂತಹ ಮೌನ ದೋಷಕ್ಕೆ ಸುಲಭವಾದ ಲೆಕ್ಕವೊಂದಿದೆ. ಸರಾಸರಿ 10 ವರ್ಷಕ್ಕೊಮ್ಮೆ ಹೀಗೆ ಕೆಡುವ ಸೆನ್ಸರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ಸುಮಾರು 20ರಲ್ಲಿ 1 ಪಾಲು ಕಾಲ ಅದು ಕೆಲಸಕ್ಕೆ ಬಾರದೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ 80ರಲ್ಲಿ 1 ಪಾಲು. ದುಬಾರಿ ಸೆನ್ಸರ್ ತರಿಸುವುದಕ್ಕಿಂತ ಹೀಗೆ ಹೆಚ್ಚು ಬಾರಿ ಪರೀಕ್ಷಿಸುವುದು ಅಗ್ಗ.

ಪರೀಕ್ಷೆ ಸೆನ್ಸರಿನ ತುದಿಯಿಂದಲೇ ನಡೆಯಬೇಕು. ಪ್ರೆಶರ್ ಸ್ವಿಚ್ಚಿಗೆ ಹ್ಯಾಂಡ್ ಪಂಪ್ ಜೋಡಿಸಿ ಒತ್ತಡವನ್ನು ನಿಧಾನವಾಗಿ ಇಳಿಸಿ, ಫ್ಲೋಟನ್ನು ಕೈಯಿಂದ ಎತ್ತಿ, ತಾಪಮಾನದ ಸೆನ್ಸರನ್ನು ಹೊರತೆಗೆದು ಬಿಸಿ ಮಾಡಿ ನೋಡಿ. ಎಂಜಿನ್ ನಿಲ್ಲಿಸುವ ಸರ್ಕ್ಯೂಟುಗಳನ್ನು ಮಾತ್ರ ನಿಂತ ಎಂಜಿನ್ ಮೇಲೆಯೇ ಪರೀಕ್ಷಿಸಬೇಕು. ಒಮ್ಮೆಯಾದರೂ, ಬ್ರಿಜ್‌ಗೆ (ಹಡಗು ನಡೆಸುವ ಕೊಠಡಿಗೆ) ಮೊದಲೇ ತಿಳಿಸಿ, ಅಲಾರಮನ್ನು ಬೇಕೆಂದೇ ಅಕ್ನಾಲೆಜ್ ಮಾಡದೆ (ಗಮನಿಸಿದ್ದೇವೆಂದು ಬಟನ್ ಒತ್ತದೆ) ಬಿಡಿ: ಕ್ಯಾಬಿನ್ನಿನಲ್ಲಿ ಯಾರೂ ಸ್ಪಂದಿಸದಿದ್ದರೆ ನಿಗದಿತ ಸಮಯದ ಬಳಿಕ ಎಲ್ಲ ಎಂಜಿನಿಯರುಗಳನ್ನೂ ಕರೆಯುವ ಅಲಾರಂ ಬರಲೇಬೇಕು. ಮುಖ್ಯ ಸಪ್ಲೈ ತೆಗೆದು, ಬ್ಯಾಟರಿಗೆ ತಾನಾಗಿ ಬದಲಾಗುತ್ತದೆಯೇ ಎಂಬುದನ್ನೂ ನೋಡಿ.

ಇನ್ನು ಡಿಲೇ. ಅಲೆಗೆ ಎಣ್ಣೆ ತುಳುಕುವುದರಿಂದ ಕೆಲವು ಸೆಕೆಂಡುಗಳ ಡಿಲೇ ಇರುವುದು ಸಹಜ. ಆದರೆ 2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್ವಿಕಾ ಬಳಿ 1373 ಜನರಿದ್ದ ವೈಕಿಂಗ್ ಸ್ಕೈ ಎಂಬ ಪ್ರವಾಸಿ ಹಡಗು ಬಿರುಗಾಳಿಗೆ ಸಿಕ್ಕಾಗ, ಜನರೇಟರ್ ಎಂಜಿನ್‌ಗಳ ಲೂಬ್ ಆಯಿಲ್ ಅಲಾರಂಗಳು ಬೆಳಿಗ್ಗೆಯೇ ಹಲವು ಬಾರಿ ಬಂದು ಕ್ಷಣಗಳಲ್ಲಿ ತೆರವಾಗಿದ್ದವು. ಸಂಪಿನಲ್ಲಿ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿಯಲ್ಲಿ) ಎಣ್ಣೆ ನಿಜಕ್ಕೂ ಕಡಿಮೆಯಿತ್ತು. ಮಧ್ಯಾಹ್ನ ಎಂಜಿನ್‌ಗಳು ನಿಂತು, ಶಕ್ತಿಯೆಲ್ಲ ಕಳೆದುಕೊಂಡ ಹಡಗು ಬಂಡೆಗಳತ್ತ ತೇಲಿತು. ಹೊರಳಾಟದಲ್ಲಿ ಮಾತ್ರ ಬರುವ ಅಲಾರಂ ಸುಳ್ಳೆಂದು ತೀರ್ಮಾನಿಸುವ ಮೊದಲು ಇದು ನೆನಪಿರಲಿ. ಅದು ಅಂಚಿನಲ್ಲಿರುವ ಮಟ್ಟವನ್ನು ತೋರಿಸುತ್ತಿರಲೂಬಹುದು.

ಆದ್ದರಿಂದ ಮೊದಲು ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ಅಳೆಯುವ ಕಡ್ಡಿ) ಹಾಕಿ, ಎಂಜಿನ್ ತಯಾರಕರು ಹೇಳಿದ ಮಟ್ಟದೊಂದಿಗೆ ಹೋಲಿಸಿ, ಬೇಕಿದ್ದರೆ ಎಣ್ಣೆ ತುಂಬಿಸಿ. ಅದಾದ ಮೇಲೂ ಅಲಾರಂ ಬರುತ್ತಿದ್ದರೆ ಚೀಫ್ ಎಂಜಿನಿಯರರ ಒಪ್ಪಿಗೆ ಪಡೆದು, ಕ್ಲಾಸ್ (ಹಡಗನ್ನು ತಪಾಸಿಸಿ ಪ್ರಮಾಣೀಕರಿಸುವ ಸಂಸ್ಥೆ) ಅನುಮೋದಿಸಿದ ಮಿತಿಯೊಳಗೆ ಡಿಲೇ ಬದಲಿಸಿ, ಹಳೆಯ ಮತ್ತು ಹೊಸ ಅಂಕಿಗಳೆರಡನ್ನೂ ಲಾಗ್ ಪುಸ್ತಕದಲ್ಲಿ ಬರೆಯಿರಿ.