ಓದುಗರ ಪ್ರಶ್ನೆಗಳಿಗೆ ಉತ್ತರ: ವಿ.ಪಿ.ಪಿ.ಯಿಂದ ಕ್ಯಾಶ್ ಆನ್ ಡೆಲಿವರಿಯವರೆಗೆ

ಪ್ರಶ್ನೆ: ಆನ್‌ಲೈನ್ ವ್ಯಾಪಾರವನ್ನು ಮೊದಲು ಆರಂಭಿಸಿದ್ದು ಅಮೆಜಾನ್ ಎಂದು ನನ್ನ ಮಗ ವಾದಿಸುತ್ತಾನೆ. ಅದು ನಿಜವೇ? (ಓದುಗರೊಬ್ಬರು, ಹಾಸನ)

ಉತ್ತರ: ನಿಜವಲ್ಲ. ಅಮೆಜಾನ್ ಪುಸ್ತಕ ಮಾರತೊಡಗಿದ್ದು 1995ರ ಜುಲೈನಲ್ಲಿ. ಇಂಗ್ಲೆಂಡಿನ ಮೈಕೆಲ್ ಆಲ್ಡ್ರಿಚ್ 1979ರಲ್ಲಿಯೇ ಮನೆಯ ಟೆಲಿವಿಷನ್ನನ್ನು ದೂರವಾಣಿ ತಂತಿಯ ಮೂಲಕ ವ್ಯವಹಾರ ನಡೆಸಬಲ್ಲ ಕಂಪ್ಯೂಟರಿಗೆ ಜೋಡಿಸಿ ತೋರಿಸಿದ್ದರು. 1984ರ ಮೇ ತಿಂಗಳಲ್ಲಿ ಗೇಟ್ಸ್‌ಹೆಡ್ ಪಟ್ಟಣದ 72 ವರ್ಷದ ಜೇನ್ ಸ್ನೋಬಾಲ್ ಅಂಥ ಏರ್ಪಾಡಿನಿಂದಲೇ, ಟಿ.ವಿ.ಯ ಮುಂದೆ ಕುಳಿತು ರಿಮೋಟ್ ಒತ್ತಿ, ಟೆಸ್ಕೊ ಅಂಗಡಿಯಿಂದ ಮೊಟ್ಟೆ, ಕಾರ್ನ್‌ಫ್ಲೇಕ್ಸ್ ಮತ್ತು ಮಾರ್ಗರಿನ್ ತರಿಸಿಕೊಂಡರು. ಆಗ ಸಾಮಾನ್ಯರ ಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಇಂಟರ್ನೆಟ್ಟಿನ ಮಾತನ್ನೇ ಆಡುವುದಾದರೂ, 1994ರ ಆಗಸ್ಟ್ 11ರಂದು ಅಮೆರಿಕದ ನೆಟ್‌ಮಾರ್ಕೆಟ್ ಎಂಬ ಸಂಸ್ಥೆ ಗಾಯಕ ಸ್ಟಿಂಗ್ ಅವರ ಒಂದು ಸಿ.ಡಿ.ಯನ್ನು 12.48 ಡಾಲರಿಗೆ ಮಾರಿತ್ತು. ಕೊಂಡವರ ಕ್ರೆಡಿಟ್ ಕಾರ್ಡ್ ಸಂಖ್ಯೆಯನ್ನು ಬೇರೆ ಯಾರೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿ ಕಳುಹಿಸಿದ್ದರಿಂದ, ಮರುದಿನದ ಪತ್ರಿಕೆಯಲ್ಲಿ ಅದು ಸುದ್ದಿಯಾಯಿತು. ಸಿ.ಡಿ. ಸಾಗಿಸುವುದು ಅಂಚೆಗೆ ಹೊಸತಲ್ಲ; ಅಪರಿಚಿತನ ಕೈಗೆ ಹಣವನ್ನು ಸುರಕ್ಷಿತವಾಗಿ ಮುಟ್ಟಿಸುವುದೇ ಕಷ್ಟವಾಗಿತ್ತು.

ಪ್ರಶ್ನೆ: ಬೆಂಗಳೂರಿನ ಮೊದಲ ಆನ್‌ಲೈನ್ ಅಂಗಡಿ ಫ್ಲಿಪ್‌ಕಾರ್ಟ್ ಅಲ್ಲವೇ? (ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಅಲ್ಲ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ. ಫ್ಯಾಬ್‌ಮಾರ್ಟ್ ಅದೇ ಊರಿನಲ್ಲಿ 1999ರಲ್ಲಿಯೇ ಬಾಗಿಲು ತೆರೆದಿತ್ತು. ಮುಂದೆ ಅದು ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ನಡೆದು 2013ರಲ್ಲಿ ನಿಂತುಹೋಯಿತು. ಅದನ್ನು ಕಟ್ಟಿದವರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಆರಂಭಿಸಿದರು.

ಪ್ರಶ್ನೆ: ನನ್ನ ತಂದೆ ಸಾಮಾನು ಕೈಗೆ ಬಂದ ಮೇಲೆಯೇ ಹಣ ಕೊಡುತ್ತೇನೆಂದು ಹಟ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಈ ರೂಢಿ ಹೇಗೆ ಬಂತು? (ಓದುಗರೊಬ್ಬರು, ಶಿರಸಿ)

ಉತ್ತರ: ನಿಮ್ಮ ತಂದೆಯವರ ಹಟಕ್ಕೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ. ಕನ್ನಡ ಪುಸ್ತಕಗಳನ್ನು ಪ್ರಕಾಶಕರಿಂದ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್, ಅಂದರೆ ಬೆಲೆ ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ಮೂಲಕ ತರಿಸಿಕೊಂಡವರು ನಮ್ಮ ಓದುಗರಲ್ಲಿ ಇನ್ನೂ ಅನೇಕರಿದ್ದಾರೆ. ಒಂದು ಕಾರ್ಡು ಬರೆದು ಹಾಕಿದರೆ ಪೊಟ್ಟಣ ಬರುತ್ತಿತ್ತು, ಅಂಚೆಯವರ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಿತ್ತು, ಬೇಡವೆಂದರೆ ಅದು ಕಳುಹಿಸಿದವರಿಗೇ ಹಿಂದಿರುಗುತ್ತಿತ್ತು. 2010ರಲ್ಲಿ ಫ್ಲಿಪ್‌ಕಾರ್ಟ್ ಜಾರಿಗೆ ತಂದ ಕ್ಯಾಶ್ ಆನ್ ಡೆಲಿವರಿಯನ್ನು ಹೊಸ ಆವಿಷ್ಕಾರವೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ, ಅದು ವಿ.ಪಿ.ಪಿ.ಯ ಮೊಮ್ಮಗು.

ಆದರೆ ಅದು ಆಗಲೇ ಬೇರೂರಲು ತಕ್ಕ ಕಾರಣಗಳಿದ್ದವು. ಕ್ರೆಡಿಟ್ ಕಾರ್ಡ್ ಇದ್ದವರು ಕಡಿಮೆ. ಇದ್ದವರಿಗೂ, 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಹಂತದ ಗುಪ್ತಪದವನ್ನು ಕಡ್ಡಾಯ ಮಾಡಿದ್ದರಿಂದ, ನಿಧಾನವಾದ ಸಂಪರ್ಕದಲ್ಲಿ ಆ ಪುಟ ತೆರೆದುಕೊಳ್ಳುವಷ್ಟರಲ್ಲಿ ವ್ಯವಹಾರವೇ ಅರ್ಧಕ್ಕೆ ಕಡಿದುಹೋಗುವುದಿತ್ತು. ನಿಯಮ ವಂಚನೆ ತಡೆಯಲು ಬೇಕಾದದ್ದೇ, ಆದರೆ ಹಣ ಹೋಯಿತೋ ಇಲ್ಲವೋ ಎಂದು ತಿಳಿಯದೆ ಕಾದು ಕುಳಿತವನಿಗೆ ಅದು ಸಮಾಧಾನದ ಮಾತಾಗಿರಲಿಲ್ಲ. ಅಂಗಡಿಗಳಿಗೆ ಮಾತ್ರ ಈ ರೂಢಿ ದುಬಾರಿ: ಗ್ರಾಹಕ ಬಾಗಿಲಲ್ಲಿ ಬೇಡವೆಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ಅವುಗಳ ತಲೆಗೇ ಬೀಳುತ್ತವೆ.

ತಂದೆಯವರಿಗೆ ಒಂದು ಮಾತು ಹೇಳಿ. ಪೊಟ್ಟಣ ಬಿಚ್ಚುವ ಮೊದಲೇ ಹಣ ಕೊಡುವುದಾದರೆ, ಒಳಗಿರುವುದು ಸರಿಯಾಗಿದೆ ಎಂಬ ಖಾತರಿ ಅದರಿಂದ ಸಿಗುವುದಿಲ್ಲ. ವಿ.ಪಿ.ಪಿ.ಯಲ್ಲೂ ಹೀಗೇ ಇತ್ತು. ಕಾದಂಬರಿಗೆ ಬರೆದು ಪಂಚಾಂಗ ಬಿಡಿಸಿಕೊಂಡವನು ನಾನು. ಹೆಚ್ಚಿನ ರಕ್ಷಣೆ ಇರುವುದು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ. ಅವುಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಹಣವನ್ನು ಮೊದಲೇ ಕೊಟ್ಟಿದ್ದರೂ ಈ ನಿಯಮ ಅನ್ವಯಿಸುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ ಎಷ್ಟೋ ಮನೆಗಳ ಬಾಗಿಲಲ್ಲಿ ನೋಟಿನ ಬದಲು ಫೋನು ಹೊರಬರುತ್ತದೆ. ಆದರೂ ಸಾಮಾನು ತಂದ ಹುಡುಗ ತೋರಿಸುವ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವುದು ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆಯೇ.